ಮೂಡಿಗೆರೆ ಚಿಕ್ಕಮ್ಮ ಕಳಿಸಿದ ಸಂದೇಶ

ಮೂಡಿಗೆರೆ ಚಿಕ್ಕಮ್ಮ (ಫಾರ್ವರ್ಡ್ ಆದದ್ದು): ದೀಪಾವಳಿಯ ದಿನ ಪಾಲಿಯೆಸ್ಟರ್, ನೈಲಾನ್ ಬಟ್ಟೆಗಳನ್ನು ಹಾಕಬೇಡಿ. ಅವು ಪ್ಲಾಸ್ಟಿಕ್, ಕರಗಿ ಮೈಗೆ ಅಂಟಿಕೊಳ್ಳುತ್ತವೆ. ಹತ್ತಿ ಬಟ್ಟೆಗೆ ಬೆಂಕಿ ಹತ್ತುವುದೇ ಇಲ್ಲ. ಎಲ್ಲರಿಗೂ ತಿಳಿಸಿ.

ಅರಸೀಕೆರೆ ಭಾವ: ಇದನ್ನು ಯಾರು ಬರೆದರು, ಎಲ್ಲಿ ಪರೀಕ್ಷಿಸಿದರು ಎಂಬುದು ಸಂದೇಶದಲ್ಲಿ ಇಲ್ಲ. ಆಧಾರವಿಲ್ಲದ್ದನ್ನು ಹಂಚಬಾರದೆಂದು ಯುಗಾದಿಯ ಹೊತ್ತಿಗೇ ಕೇಳಿಕೊಂಡಿದ್ದೆ.

ಹಾಸನದ ಸೋದರತ್ತೆ: ಆಧಾರ ಹಾಗಿರಲಿ, ಇದು ಯಾರಿಗೆ ಹೇಳಿದ ಮಾತೆಂದು ನನಗೆ ಗೊತ್ತಾಗಿದೆ. ನಿನ್ನ ಗೃಹಪ್ರವೇಶಕ್ಕೆ ನಾನು ಕೊಟ್ಟದ್ದು ಪಾಲಿಯೆಸ್ಟರ್ ಸೀರೆ. ಅದನ್ನು ನೀನು ಉಟ್ಟದ್ದನ್ನು ಇವತ್ತಿನವರೆಗೆ ನಾನು ಕಂಡಿಲ್ಲ.

ಮೂಡಿಗೆರೆ ಚಿಕ್ಕಮ್ಮ: ಅತ್ತಿಗೆ, ನಿಮ್ಮ ಸೀರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಳಿಸಿದ್ದಲ್ಲ. ಮಕ್ಕಳು ಪಟಾಕಿ ಹೊಡೆಯುತ್ತಾರಲ್ಲ ಎಂಬ ಭಯಕ್ಕೆ ಕಳಿಸಿದೆ.

ಬೇಲೂರು ದೊಡ್ಡಪ್ಪ: ಹಬ್ಬ ಎದುರಿಗಿರುವಾಗ ಕೊಟ್ಟದ್ದು ತೆಗೆದುಕೊಂಡದ್ದನ್ನು ಎತ್ತಿ ಆಡುವುದು ಮನೆತನಕ್ಕೆ ಒಪ್ಪುವುದಿಲ್ಲ. ನಮ್ಮ ಹಿರಿಯರು ಹತ್ತಿ ಉಟ್ಟು ನೆಮ್ಮದಿಯಾಗಿದ್ದರು. ಟೆರಿಕಾಟ್ ಬಂದಮೇಲೆ ಆಡಂಬರವೂ ಬಂತು.

ಸಕಲೇಶಪುರದ ಅಣ್ಣ: ದೊಡ್ಡಪ್ಪ, ನನಗೆ ಅಜ್ಜನ ಕಂಬಳಿ ಕೊಪ್ಪೆ ನೆನಪಾಗುತ್ತದೆ. ನಾಟಿಯ ದಿನಗಳಲ್ಲಿ ನೆನೆದು ಬಂದ ಕಂಬಳಿಯನ್ನು ಒಲೆಯ ಮಗ್ಗುಲಿಗೆ ಹರವಿದರೆ ಮನೆಯೆಲ್ಲ ಕುರಿಯ ವಾಸನೆ. ಕಿಡಿ ಸಿಡಿದರೆ ತೂತು ಬೀಳುತ್ತಿತ್ತೇ ಹೊರತು ಕಂಬಳಿ ಹೊತ್ತಿಕೊಂಡದ್ದಿಲ್ಲ.

ನಾನು: ಅಣ್ಣ ಹೇಳಿದ್ದು ನಿಜವೇ ಎಂದು ನೋಡಲು ಈಗ ಅಂಗಳದಲ್ಲಿ ನೀರಿನ ಬಕೆಟ್ ಇಟ್ಟುಕೊಂಡು, ಹಳೆಯ ಬಟ್ಟೆಗಳಿಂದ ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಹಣತೆಗೆ ಒಡ್ಡಿದೆ. ಕಂಬಳಿಯ ಎಳೆ ಕೂದಲು ಸುಟ್ಟ ವಾಸನೆ ಬಿಟ್ಟು, ಹೊರಗೆ ತೆಗೆದೊಡನೆ ತಾನೇ ಆರಿತು. ಹತ್ತಿಯ ಎಳೆ ಕಾಗದದಂತೆ ಭಗ್ಗನೆ ಹೊತ್ತಿ, ಜ್ವಾಲೆಯಿಂದ ತೆಗೆದ ಮೇಲೂ ಉರಿದು ಬೂದಿಯಾಯಿತು. ಪಾಲಿಯೆಸ್ಟರ್ ಎಳೆ ಮೊದಲು ಮುದುಡಿ ಹಿಂದೆ ಸರಿಯಿತು, ಆಮೇಲೆ ಕರಗಿ ತೊಟ್ಟಿಕ್ಕಿತು, ತಣಿದಾಗ ಉಗುರಿಗೆ ಒಡೆಯದ ಕರಿಮಣಿಯಾಯಿತು.

ಚಿಕ್ಕಮ್ಮ, ನಿಮ್ಮ ಭಯ ಸರಿಯಾದದ್ದೇ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ, ಆ ದ್ರವ ಚರ್ಮಕ್ಕೆ ಹತ್ತಿದರೆ ಗಾಯ ಆಳಕ್ಕೆ ಇಳಿಯುತ್ತದೆ. ಆದರೆ ಸಂದೇಶದ ಮೂರನೆಯ ಮಾತು ಅಪಾಯಕಾರಿ. ಹಣತೆಗೆ ನಾವು ಹಾಕುವ ಬತ್ತಿಯೇ ಹತ್ತಿಯದು! ಹತ್ತಿಯ ಲಂಗ ಹಾಕಿದ ಮಗುವಿಗೆ ಏನೂ ಆಗದೆಂದು ನಂಬಿ ಸುರುಸುರುಬತ್ತಿ ಕೈಗೆ ಕೊಟ್ಟು ನಾವು ಒಳಗೆ ಹೋದರೆ ಗತಿಯೇನು? ದೊಡ್ಡಪ್ಪ ಹೇಳಿದ ಟೆರಿಕಾಟ್ ಇನ್ನೂ ಕಷ್ಟದ್ದು, ಏಕೆಂದರೆ ಅದರಲ್ಲಿರುವ ಹತ್ತಿ ಸುಟ್ಟು ಕರಿಕಾಗಿ, ಕರಗಿದ ಪಾಲಿಯೆಸ್ಟರನ್ನು ತೊಟ್ಟಿಕ್ಕಲು ಬಿಡದೆ ಬತ್ತಿ ಎಣ್ಣೆಯನ್ನು ಹಿಡಿದಂತೆ ಹಿಡಿದುಕೊಂಡು ಉರಿಸುತ್ತದೆ.

ಅರಸೀಕೆರೆ ಭಾವ: ಪ್ರಯೋಗವನ್ನು ಒಪ್ಪುತ್ತೇನೆ. ಹಾಗಾದರೆ ಆ ದಿನ ಏನನ್ನು ಹಾಕಬೇಕು?

ನಾನು: ಮೈಗೆ ಹೊಂದಿಕೊಂಡ ದಪ್ಪ ಹತ್ತಿಯೇ ವಾಸಿ, ಆದರೆ ಅದನ್ನು ನಂಬಿ ಮೈಮರೆಯಬಾರದು. ಸೆರಗನ್ನೂ ದುಪ್ಪಟ್ಟಾವನ್ನೂ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಸುಟ್ಟರೆ 20 ನಿಮಿಷ ತಣ್ಣೀರು ಹರಿಸಿ, ಅಂಟಿದ ಬಟ್ಟೆಯನ್ನು ಎಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅತ್ತೆ, ನಿಮ್ಮ ಸೀರೆಯ ಗುಣ ಬೇರೆ. ಹತ್ತಿ ಗಾಳಿಯ ತೇವವನ್ನು ತನ್ನ ತೂಕದ ಶೇಕಡ 8ರಷ್ಟು ಹೀರಿಕೊಂಡರೆ ಪಾಲಿಯೆಸ್ಟರ್ ಶೇಕಡ ಅರ್ಧದಷ್ಟೂ, ಅಂದರೆ 0.5ರಷ್ಟೂ, ಹೀರುವುದಿಲ್ಲ. ಮಲೆನಾಡಿನ ಆಷಾಢದಲ್ಲಿ ಒಗೆದರೆ ಒಣಗುವ ಸೀರೆ ಅದೊಂದೇ.

ಮೂಡಿಗೆರೆ ಚಿಕ್ಕಮ್ಮ: ಅತ್ತಿಗೆ, ಮಳೆಗಾಲ ಪೂರ್ತಿ ಅದನ್ನೇ ಉಟ್ಟಿದ್ದೇನೆ. ನೀವು ನಮ್ಮ ಮನೆಗೆ ಬರುವುದು ಬೇಸಿಗೆಯಲ್ಲಿ ಮಾತ್ರ.