ರೈಟ್ ಕ್ಲಿಕ್ ಮೆನುಗೆ ಸೇರಿಸಿದ ಆಯ್ಕೆ ಮನೇಲಿ ಬರುತ್ತೆ, ಸ್ಟುಡಿಯೋದಲ್ಲಿ ಬರಲ್ಲ

ಹಾಸನ_ಸ್ಟುಡಿಯೋ:
ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ. ಮದುವೆ ಫೋಟೋಗಳನ್ನ ಆಲ್ಬಂ ಸೆಲೆಕ್ಷನ್‌ಗೆ ಪಾರ್ಟಿಗೆ ಕಳಿಸೋ ಮುಂಚೆ ಸೈಜ್ ಇಳಿಸಬೇಕು. ಅಕ್ಕನ ಮಗ ಅದಕ್ಕೊಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದಾನೆ. ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ‘ಚಿಕ್ಕದು ಮಾಡು’ ಅಂತ ಬರೋ ಹಾಗೆ ರಿಜಿಸ್ಟ್ರಿಗೆ (ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳೋ ಜಾಗ) ನಾನೇ ಸೇರಿಸಿದೆ. ಮನೇಲಿ ಬಂತು. ಅದೇ ಲ್ಯಾಪ್‌ಟಾಪನ್ನ ಬಿ.ಎಂ. ರಸ್ತೆಯ ಸ್ಟುಡಿಯೋಗೆ ತಂದು ಕೆಲಸಕ್ಕೆ ಕೂತರೆ ಆಯ್ಕೆ ಮಾಯ. ರಾತ್ರಿ ಮನೇಲಿ ನೋಡಿದ್ರೆ ಮತ್ತೆ ಇದೆ! ರಿಜಿಸ್ಟ್ರಿ ಸರಿಯಾಗೇ ಇದೆ, ಹತ್ತು ಸಲ ನೋಡಿದೀನಿ. ಪಾರ್ಟಿಯವರು ದಿನಾ ಫೋನ್ ಮಾಡ್ತಿದಾರೆ. ಗೊತ್ತಿರೋರು ದಯವಿಟ್ಟು ಹೇಳಿ.

ಬೇಲೂರು_ಬೈಟ್:
ವಿಂಡೋಸ್ 10ಆ, 11ಆ? ಅದನ್ನೇ ಬರೆದಿಲ್ಲ ನೀವು. 2021ರಲ್ಲಿ 11 ಬಂದಾಗಿಂದ ಮೊದಲ ಮೆನು ಬೇರೆ, ಹಳೇ ಮೆನು ಬೇರೆ. ರಿಜಿಸ್ಟ್ರಿಯಲ್ಲಿ ಸುಮ್ನೆ ಒಂದು ಕಮಾಂಡ್ ಸೇರಿಸಿದ್ರೆ ಅದು ‘ಶೋ ಮೋರ್ ಆಪ್ಷನ್ಸ್’ ಒಳಗೆ ಹೋಗಿ ಕೂರುತ್ತೆ. ಫೋಟೋ ಆರಿಸಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ ನೋಡಿ. ಮೊದಲ ಮೆನುವಿನಲ್ಲೇ ಬರಬೇಕು ಅಂದ್ರೆ ‘ಐಎಕ್ಸ್‌ಪ್ಲೋರರ್‌ಕಮಾಂಡ್’ ಅನ್ನೋ ಇಂಟರ್‌ಫೇಸಿಗೆ ಕೋಡ್ ಬರೆದು, ಡಿಜಿಟಲ್ ಸಹಿ ಹಾಕಿದ ಪ್ಯಾಕೇಜ್ ಮಾಡಬೇಕು. ಅದು ದೊಡ್ಡ ಕೆಲಸ.

ಹಾಸನ_ಸ್ಟುಡಿಯೋ:
11. ಶೋ ಮೋರ್ ಆಪ್ಷನ್ಸ್ ಒಳಗೇ ನೋಡ್ತಿರೋದು ಸಾರ್. ಅಲ್ಲೇ ಒಂದ್ಸಲ ಇರುತ್ತೆ, ಒಂದ್ಸಲ ಇರಲ್ಲ.

ಮೂಡಿಗೆರೆ_ಸಿಪ್ಲಸ್‌ಪ್ಲಸ್:
ಇದು 32 ಬಿಟ್, 64 ಬಿಟ್ ಸಮಸ್ಯೆ, ಬೇರೇನೂ ಅಲ್ಲ. ಫೈಲ್, ಫೋಲ್ಡರ್ ತೋರಿಸೋ ಎಕ್ಸ್‌ಪ್ಲೋರರ್ 64 ಬಿಟ್. ನಿಮ್ಮ ಡಿಎಲ್‌ಎಲ್ (ಬೇರೆ ಪ್ರೋಗ್ರಾಂ ಒಳಗೆ ಲೋಡ್ ಆಗೋ ಕೋಡ್ ಫೈಲ್) 32 ಬಿಟ್ ಆಗಿದ್ರೆ ಅದು ಲೋಡ್ ಮಾಡೋದೇ ಇಲ್ಲ, ಎರರ್ ಕೂಡ ತೋರಿಸಲ್ಲ. ರಿಜಿಸ್ಟರ್ ಮಾಡಿದ್ದು ಯಾವ ‘ರೆಗ್‌ಎಸ್‌ವಿಆರ್32’ರಿಂದ? ಸಿಸ್ಟಂ32 ಫೋಲ್ಡರ್‌ನಲ್ಲಿರೋದು 64 ಬಿಟ್‌ದು. 32 ಬಿಟ್‌ದು ಸಿಸ್‌ವಾವ್64 ಫೋಲ್ಡರ್‌ನಲ್ಲಿರುತ್ತೆ. ಹೆಸರು ಉಲ್ಟಾ ಇರೋದ್ರಿಂದ ಎಲ್ಲರೂ ಇಲ್ಲೇ ಎಡವೋದು.

ಹಾಸನ_ಸ್ಟುಡಿಯೋ:
ಡಿಎಲ್‌ಎಲ್ ಇಲ್ಲವೇ ಇಲ್ಲ. .ಜೆಪಿಜಿ ಕೀಲಿ ಕೆಳಗೆ ಶೆಲ್, ಅದರ ಕೆಳಗೆ ಆಯ್ಕೆಯ ಕೀಲಿ, ಅದರ ಕೆಳಗೆ ಕಮಾಂಡ್, ಅದರಲ್ಲಿ ಪ್ರೋಗ್ರಾಂ ಇರೋ ಜಾಗ, ಪಕ್ಕದಲ್ಲಿ "%1". ಇಷ್ಟೇ.

ಮೂಡಿಗೆರೆ_ಸಿಪ್ಲಸ್‌ಪ್ಲಸ್:
ಪ್ರೋಗ್ರಾಂ 32 ಬಿಟ್ ಇರಬಹುದಲ್ವಾ? ಅದನ್ನ 64ಕ್ಕೆ ಕಂಪೈಲ್ ಮಾಡಿಸಿ ನೋಡಿ.

ಬೇಲೂರು_ಬೈಟ್:
ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಸಾರ್. ಪ್ರೋಗ್ರಾಂ ಬೇರೆ ಪ್ರಾಸೆಸ್ ಆಗಿ ಓಡುತ್ತೆ, 32 ಇದ್ರೂ ನಡೆಯುತ್ತೆ. ಎಕ್ಸ್‌ಪ್ಲೋರರ್ ಒಳಗೇ ಲೋಡ್ ಆಗೋ ಡಿಎಲ್‌ಎಲ್‌ಗೆ ಮಾತ್ರ ಆ ಮಾತು.

ಮೂಡಿಗೆರೆ_ಸಿಪ್ಲಸ್‌ಪ್ಲಸ್:
ನಾನು ಮೆನುಗೆ ಆಯ್ಕೆ ಸೇರಿಸೋ ಈ ಡಿಎಲ್‌ಎಲ್ ಎಕ್ಸ್‌ಟೆನ್ಷನ್‌ಗಳನ್ನ ಬರೆದೇ ಮಾತಾಡ್ತಿರೋದು. ಮೆನು ಕಾಣುತ್ತೆ, ಒತ್ತಿದ್ರೆ ಏನೂ ಆಗಲ್ಲ ಅಂತ ಎರಡು ರಾತ್ರಿ ನಿದ್ದೆ ಕೆಟ್ಟಿದೀನಿ. ‘ಕ್ವೆರಿ ಕಾಂಟೆಕ್ಸ್ಟ್‌ಮೆನು’ ಅನ್ನೋ ಫಂಕ್ಷನ್ ಕೊನೆಗೆ, ನಾವು ಆಯ್ಕೆಗಳಿಗೆ ಬಳಸಿದ ಅತಿ ದೊಡ್ಡ ಐಡಿ ನಮಗೆ ಕೊಟ್ಟ ಮೊದಲ ಐಡಿಯಿಂದ ಎಷ್ಟು ದೂರವೋ ಅದಕ್ಕೆ ಒಂದು ಕೂಡಿಸಿ ವಾಪಸ್ ಕೊಡಬೇಕು. ನಾನು ಬರೀ ‘ಎಸ್_ಓಕೆ’, ಅಂದ್ರೆ ಸೊನ್ನೆ ಕೊಟ್ಟಿದ್ದೆ. ಇವನು ಏನೂ ಸೇರಿಸಿಲ್ಲ ಅಂತ ಎಕ್ಸ್‌ಪ್ಲೋರರ್ ಲೆಕ್ಕ ಹಾಕಿ, ಅದೇ ಐಡಿಗಳನ್ನ ಮುಂದಿನ ಎಕ್ಸ್‌ಟೆನ್ಷನ್‌ಗೆ ಕೊಟ್ಟುಬಿಡ್ತು. ಪ್ರತಿ ಸಲ ಕಂಪೈಲ್ ಮಾಡುವಾಗ್ಲೂ ಡಿಎಲ್‌ಎಲ್ ಲಾಕ್ ಆಗಿರ್ತಿತ್ತು, ಎಕ್ಸ್‌ಪ್ಲೋರರನ್ನೇ ನಿಲ್ಲಿಸಿ ಮತ್ತೆ ಶುರು ಮಾಡ್ತಿದ್ದೆ.

ಅರಸೀಕೆರೆ_ಅಕ್ಷರ:
ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಮೆನುವಿನಲ್ಲಿ ಕನ್ನಡ ಹೇಗೆ ಬಂತು? ನಾನು ನೋಟ್‌ಪ್ಯಾಡ್‌ನಲ್ಲಿ .ರೆಗ್ ಫೈಲ್ ಬರೆದು ಸೇರಿಸಿದ್ರೆ ಏನೇನೋ ವಿಚಿತ್ರ ಅಕ್ಷರ ಬರುತ್ತೆ.

ಬೇಲೂರು_ಬೈಟ್:
ಸೇವ್ ಮಾಡುವಾಗ ಎನ್‌ಕೋಡಿಂಗ್ ‘ಯುಟಿಎಫ್-16 ಎಲ್‌ಇ’ ಅಂತ ಆರಿಸಿ. ನೋಟ್‌ಪ್ಯಾಡ್ ತಾನಾಗೇ ಯುಟಿಎಫ್-8 ಇಡುತ್ತೆ, ರಿಜಿಸ್ಟ್ರಿ ಎಡಿಟರ್ ಅದನ್ನ ಹಳೇ ಆನ್ಸಿ ಎನ್‌ಕೋಡಿಂಗ್ ಅಂತ ಓದಿಬಿಡುತ್ತೆ. ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ರೂ ಆಗಲ್ಲ, ಮೆನು ಆ ಫಾಂಟ್ ಬಳಸಲ್ಲ. ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು.

ಮೂಡಿಗೆರೆ_ಸಿಪ್ಲಸ್‌ಪ್ಲಸ್:
ಹೆಸರು ಇಂಗ್ಲಿಷಿನಲ್ಲಿ ಇಟ್ಟರೆ ಈ ತಾಪತ್ರಯವೇ ಇಲ್ಲ. ಇನ್ನು ಕನ್ನಡದಲ್ಲೇ ಬೇಕಂದ್ರೆ ‘ಕಿರಿದಾಗಿಸು’ ಅನ್ನಿ. ‘ಚಿಕ್ಕದು ಮಾಡು’ ಮೆನುವಿಗೆ ಹೊಂದಲ್ಲ.

ಹಾಸನ_ಸ್ಟುಡಿಯೋ:
ನಮ್ಮ ಸ್ಟುಡಿಯೋ ಹುಡುಗ ಹೇಳೋದು ‘ಚಿಕ್ಕದು ಮಾಡು’ ಅಂತಲೇ. ಅವನಿಗೆ ಅರ್ಥ ಆಗಬೇಕು, ಅದೇ ಇರ್ಲಿ.

ಸಕಲೇಶಪುರ_ಪೆಂಗ್ವಿನ್:
ಲಿನಕ್ಸ್‌ಗೆ ಬನ್ನಿ ಗುರುಗಳೇ. ಅಲ್ಲಿನ ಫೈಲ್ ಮ್ಯಾನೇಜರ್ ನಾಟಿಲಸ್‌ನಲ್ಲಿ ಸ್ಕ್ರಿಪ್ಟ್ಸ್ ಅಂತ ಫೋಲ್ಡರ್ ಇದೆ. ಅದರಲ್ಲಿ ಒಂದು ಸ್ಕ್ರಿಪ್ಟ್ ಹಾಕಿ, ಓಡಿಸೋ ಅನುಮತಿ ಕೊಟ್ಟರೆ ರೈಟ್ ಕ್ಲಿಕ್‌ನಲ್ಲಿ ಬರುತ್ತೆ. ಆರಿಸಿದ ಅಷ್ಟೂ ಫೈಲ್ ಹೆಸರು ಒಂದೊಂದು ಸಾಲಿನಲ್ಲಿ ಸಿಗುತ್ತೆ. ತೋಟದ ಮನೇಲಿ ಎರಡು ಮಾನಿಟರ್, ಹಳೇ ಡೆಸ್ಕ್‌ಟಾಪ್, ಇನ್ವರ್ಟರ್‌ಗೆ ಎರಡು ಬ್ಯಾಟರಿ ಇಟ್ಟಿದೀನಿ. ಆಷಾಢದಲ್ಲಿ ಎರಡು ದಿನ ಕರೆಂಟ್ ಇಲ್ಲದಿದ್ರೂ ಕೆಲಸ ನಿಂತಿಲ್ಲ.

ಮೂಡಿಗೆರೆ_ಸಿಪ್ಲಸ್‌ಪ್ಲಸ್:
ಎರಡು ಬ್ಯಾಟರೀಲಿ ಎರಡು ದಿನವಾ? ಮಾನಿಟರ್ ಒಂದೇ ಹಾಕಿದ್ರಾ? ನಂದು ಸೋಲಾರ್ ಇದ್ರೂ ಮಳೆಗಾಲದಲ್ಲಿ ಸಂಜೆಗೆ ಕೈ ಕೊಡುತ್ತೆ.

ಸಕಲೇಶಪುರ_ಪೆಂಗ್ವಿನ್:
ಒಂದೇ ಮಾನಿಟರ್, ದಿನಕ್ಕೆ ಮೂರು ಗಂಟೆ. ಬ್ಯಾಟರಿ ಹೊಸದು.

ಹಾಸನ_ಸ್ಟುಡಿಯೋ:
ಬ್ಯಾಟರಿ ವಿಷಯ ಆಮೇಲೆ ಮಾತಾಡಿ ಸ್ವಾಮಿ. ಇಲ್ಲಿ 1,800ಕ್ಕೂ ಮೇಲೆ ಫೋಟೋ ಹಾಗೇ ಕೂತಿವೆ.

ಅರಸೀಕೆರೆ_ಅಕ್ಷರ:
ಯುಟಿಎಫ್-16ರಲ್ಲಿ ಸರಿಯಾಯ್ತು, ಧನ್ಯವಾದ. ಹಾಸನದವರಿಗೆ ಒಂದು ಪ್ರಶ್ನೆ. ಸ್ಟುಡಿಯೋದಲ್ಲಿ ಒಟ್ಟಿಗೆ ಎಷ್ಟು ಫೋಟೋ ಆರಿಸಿ ರೈಟ್ ಕ್ಲಿಕ್ ಮಾಡ್ತೀರಿ? ನಾನು ಆಫೀಸಲ್ಲಿ ಒಂದಿಡೀ ಫೋಲ್ಡರ್ ಆರಿಸಿದಾಗ ‘ಪ್ರಿಂಟ್’ ಆಯ್ಕೆ ಕಾಣ್ತಿರಲಿಲ್ಲ.

ಹಾಸನ_ಸ್ಟುಡಿಯೋ:
ಮನೇಲಿ ನಾಲ್ಕೈದು ಫೋಟೋ ಇಟ್ಟು ಪರೀಕ್ಷೆ ಮಾಡಿದ್ದೆ. ಇಲ್ಲಿ ಕಂಟ್ರೋಲ್ ಎ ಒತ್ತಿ ಎಲ್ಲಾನೂ. ಇರಿ, ಎಣಿಸಿ ನೋಡ್ತೀನಿ.

15 ಆರಿಸಿದ್ರೆ ಇದೆ. 16 ಆರಿಸಿದ್ರೆ ಇಲ್ಲ!!

ಬೇಲೂರು_ಬೈಟ್:
ಸಿಕ್ತು. ಮೊದಲೇ ಎಣಿಕೆ ಕೇಳಬೇಕಿತ್ತು, ನನಗೆ ಹೊಳೀಲಿಲ್ಲ. ಅರಸೀಕೆರೆಯವರಿಗೆ ನಮಸ್ಕಾರ. ಇದು ದೋಷ ಅಲ್ಲ, ವಿಂಡೋಸ್‌ನ ನಿಯಮ. ಇಂಥ ಕಮಾಂಡ್ ಒಂದೊಂದು ಫೈಲಿಗೂ ಒಂದೊಂದು ಸಲ ಪ್ರೋಗ್ರಾಂ ಎಬ್ಬಿಸುತ್ತೆ. ತಪ್ಪಿ ನೂರಾರು ಕಿಟಕಿ ತೆರೆದು ಯಂತ್ರ ಕೂತುಬಿಡಬಾರದು ಅಂತ 15 ದಾಟಿದ್ರೆ ಆಯ್ಕೇನೇ ಮರೆಮಾಡುತ್ತೆ. ನಿಮ್ಮ ಆಯ್ಕೆಯ ಕೀಲಿಯಲ್ಲಿ ‘ಮಲ್ಟಿಸೆಲೆಕ್ಟ್‌ಮಾಡೆಲ್’ ಅನ್ನೋ ಸ್ಟ್ರಿಂಗ್ ಸೇರಿಸಿ, ಮೌಲ್ಯ ‘ಪ್ಲೇಯರ್’ ಅಂತ ಕೊಡಿ. ಆಗ 100ರವರೆಗೆ ಬರುತ್ತೆ.

ಹಾಸನ_ಸ್ಟುಡಿಯೋ:
ಹಾಕಿದೆ, 60 ಫೋಟೋಗೆ ಬಂತು. ಆದ್ರೆ ಒತ್ತಿದ ತಕ್ಷಣ ನೀವು ಹೇಳಿದ ಹಾಗೇ 60 ಕಿಟಕಿ ತೆರೆದು ಲ್ಯಾಪ್‌ಟಾಪ್ ಅಲ್ಲಾಡ್ತಾ ಇಲ್ಲ.

ಸಕಲೇಶಪುರ_ಪೆಂಗ್ವಿನ್:
ಪ್ರೋಗ್ರಾಂನ ಶಾರ್ಟ್‌ಕಟ್ಟನ್ನ ‘ಸೆಂಡ್ ಟು’ ಫೋಲ್ಡರ್‌ಗೆ ಹಾಕಿ. ವಿಂಡೋಸಲ್ಲೂ ಅದು ಎಲ್ಲ ಫೈಲನ್ನೂ ಒಂದೇ ಸಲಕ್ಕೆ ಒಂದೇ ಪ್ರೋಗ್ರಾಂಗೆ ಕೊಡುತ್ತೆ.

ಬೇಲೂರು_ಬೈಟ್:
ನೂರಿನ್ನೂರು ಫೋಟೋಗೆ ಒಳ್ಳೇ ದಾರಿ. ಆದ್ರೆ ಒಂದು ಕಮಾಂಡ್ ಸಾಲಿಗೆ 32,767 ಅಕ್ಷರದ ಮಿತಿ ಇದೆ. ಒಂದು ಫೋಟೋದ ಪೂರ್ತಿ ವಿಳಾಸ 60 ಅಕ್ಷರ ಅಂತಿಟ್ಟರೂ ಸುಮಾರು 500ಕ್ಕೆ ಮುಗೀತು. ಇವರದ್ದು 1,800.

ಫೈಲ್ ಬಿಟ್ಟು ಫೋಲ್ಡರ್ ಮೇಲೇ ರೈಟ್ ಕ್ಲಿಕ್ ಇಡಿ. .ಜೆಪಿಜಿ ಬದಲು ‘ಡೈರೆಕ್ಟರಿ’ ಕೀಲಿಯ ಕೆಳಗೆ ಶೆಲ್, ಅದೇ ಥರ ಕಮಾಂಡ್. ಪ್ರೋಗ್ರಾಂಗೆ ಹೋಗೋದು ಫೋಲ್ಡರ್‌ನ ಹೆಸರೊಂದೇ. ಒಳಗಿನ ಫೋಟೋಗಳನ್ನ ಪ್ರೋಗ್ರಾಂ ತಾನೇ ಓದಿಕೊಳ್ಳಲಿ. ಅಕ್ಕನ ಮಗನಿಗೆ ನಾಲ್ಕು ಸಾಲಿನ ಕೆಲಸ. "%1" ಸುತ್ತ ಉದ್ಧರಣ ಚಿಹ್ನೆ ಬಿಡಬೇಡಿ, ಇಲ್ಲಾಂದ್ರೆ ‘ಅರಸೀಕೆರೆ ಮದುವೆ’ ಥರ ಜಾಗ ಬಿಟ್ಟ ಹೆಸರು ಎರಡು ತುಂಡಾಗುತ್ತೆ.

ಮೂಡಿಗೆರೆ_ಸಿಪ್ಲಸ್‌ಪ್ಲಸ್:
ಡಿಎಲ್‌ಎಲ್ ಬರೆದಿದ್ರೆ 100ರ ಮಿತಿಯೂ ಇರಲ್ಲ, ಎಲ್ಲ ಫೈಲೂ ಒಂದೇ ಪಟ್ಟಿಯಲ್ಲಿ ಕೈಗೆ ಸಿಗುತ್ತೆ. ಹುಡುಗನಿಗೆ ಆಸಕ್ತಿ ಇದ್ರೆ ನನಗೆ ಬರೆಯೋಕೆ ಹೇಳಿ, ಹೇಳಿಕೊಡ್ತೀನಿ. 64 ಬಿಟ್‌ನಲ್ಲೇ ಮಾಡಿಸಿ.

ಹಾಸನ_ಸ್ಟುಡಿಯೋ:
ಅಕ್ಕನ ಮಗ ರಾತ್ರಿನೇ ಬದಲಾಯಿಸಿ ಕಳಿಸಿದ. ಫೋಲ್ಡರ್ ಮೇಲೆ ಒತ್ತಿ ಊಟಕ್ಕೆ ಹೋದೆ, ಬರೋಷ್ಟರಲ್ಲಿ 1,846 ಫೋಟೋನೂ ಮುಗಿದಿತ್ತು. ಪಾರ್ಟಿಗೆ ಕಳಿಸಿದೀನಿ. ಅರಸೀಕೆರೆಯವರೇ, ಹಾಸನದ ಕಡೆ ಬಂದ್ರೆ ಸ್ಟುಡಿಯೋಗೆ ಬರಲೇಬೇಕು.

ಇನ್ನೊಂದು ಬಾಕಿ ಇದೆ. ಕ್ಯಾಮೆರಾ ಉದ್ದಕ್ಕೆ ಹಿಡಿದು ತೆಗೆದ ಫೋಟೋಗಳೆಲ್ಲ ಚಿಕ್ಕದಾದ ಮೇಲೆ ಅಡ್ಡ ಮಲಗಿವೆ, ವಧೂವರರು ಪಕ್ಕಕ್ಕೆ ತಿರುಗಿದಾರೆ.

ಬೇಲೂರು_ಬೈಟ್:
ಫೋಟೋ ಒಳಗಿನ ಎಕ್ಸಿಫ್ ಮಾಹಿತಿಯಲ್ಲಿ ‘ಓರಿಯಂಟೇಷನ್’ ಅಂತ, ಫೋಟೋನ ಯಾವ ಕಡೆ ತಿರುಗಿಸಿ ತೋರಿಸಬೇಕು ಅಂತ ಹೇಳೋ ಒಂದು ಅಂಕಿ ಇರುತ್ತೆ. ಸೇವ್ ಮಾಡುವಾಗ ಪ್ರೋಗ್ರಾಂ ಅದನ್ನ ಬಿಟ್ಟುಬಿಟ್ಟಿದೆ. ಹುಡುಗ ಯಾವ ಭಾಷೆಯಲ್ಲಿ ಬರೆದಿದ್ದಾನೆ ಅಂತ ಕೇಳಿ ಹೊಸ ಎಳೆ ಶುರು ಮಾಡಿ, ಅಲ್ಲಿ ನೋಡೋಣ.