‘ಕವಡೆ ಕಾಸು’: ಮಾಲಿ ಸಾಮ್ರಾಜ್ಯದ ಸಂತೆಗೆ ಈ ಜೋಡುನುಡಿ ಒಪ್ಪುತ್ತದೆಯೆ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಒಂದು ಚಿಕ್ಕ ಪುಸ್ತಕ ಬರೆಯುತ್ತಿದ್ದೇನೆ. 14ನೇ ಶತಮಾನದ ಮಾಲಿ ಸಾಮ್ರಾಜ್ಯದಲ್ಲಿ ಜನ ಏನು ಉಣ್ಣುತ್ತಿದ್ದರು, ಏನು ಮಾರುತ್ತಿದ್ದರು, ದಾರಿ ಹೇಗೆ ನಡೆಯುತ್ತಿದ್ದರು ಅನ್ನುವುದು ಅದರ ವಿಷಯ. ಪಶ್ಚಿಮ ಆಫ್ರಿಕಾದಲ್ಲಿ ನೈಜರ್ ನದಿಯ ಬಯಲನ್ನು ಆಳಿದ ಆ ರಾಜ್ಯ ನಿಂತಿದ್ದು ಎರಡು ಸರಕಿನ ಮೇಲೆ: ದಕ್ಷಿಣದ ಚಿನ್ನ, ಉತ್ತರದ ಮರಳುಗಾಡಿನ ಉಪ್ಪು. ಬರೆಯುತ್ತ ಬರೆಯುತ್ತ ಗಾವೋ ಪಟ್ಟಣದ ಸಂತೆಗೆ ಬಂದೆ. ಹೀಗೊಂದು ವಾಕ್ಯ ಬರೆದೆ: ‘ಅಲ್ಲಿ ಜನ ಕವಡೆ ಕೊಟ್ಟು ಅಕ್ಕಿ, ಮೀನು, ಕೋಳಿ ಕೊಳ್ಳುತ್ತಿದ್ದರು.’

ಕರಡು ಓದಿಕೊಟ್ಟ ಗೆಳತಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರು. ಆ ಸಾಲಿನ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ‘ಅಷ್ಟೊಂದು ಅಗ್ಗವೆ?’ ಎಂದು ಬರೆದಿದ್ದರು. ಅದನ್ನು ನೋಡಿದ ಮೇಲೆ ಅದೇ ಸಾಲನ್ನು ಒಂಬತ್ತನೇ ತರಗತಿಯ ಇಬ್ಬರು ಮಕ್ಕಳಿಗೆ ಓದಿ ಹೇಳಿದೆ. ಅವರೂ ‘ಪುಕ್ಕಟೆ ಸಿಗ್ತಿತ್ತಾ?’ ಅಂದರು. ನಾನು ಹೇಳಹೊರಟದ್ದು ಕವಡೆ ಅಲ್ಲಿ ಚಲಾವಣೆಯ ದುಡ್ಡು ಎಂದು. ಕನ್ನಡದ ಕಿವಿಗೆ ಬಿದ್ದದ್ದು ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಅನ್ನುವ ಮಾತು. ಪದ ಒಂದೇ. ಅರ್ಥ ಮಾತ್ರ ತಲೆಕೆಳಗು. ಈ ತೊಡಕನ್ನು ಬಿಡಿಸಿಕೊಳ್ಳಲು ನಿಮ್ಮ ನೆರವು ಬೇಕಾಗಿದೆ.

ಮೊದಲು ಆ ಸಂತೆಯಲ್ಲಿ ಕವಡೆಗೆ ಎಷ್ಟು ಬೆಲೆಯಿತ್ತು ಅಂತ ಹೇಳುತ್ತೇನೆ, ಯಾಕೆಂದರೆ ಪದದ ಗಂಟು ಇರುವುದೇ ಅಲ್ಲಿ. ಮೊರಾಕೋದ ಪ್ರವಾಸಿ ಇಬ್ನ್ ಬತೂತ ಕವಡೆ ಹುಟ್ಟುವ ಜಾಗವನ್ನೂ ಕಂಡವನು, ಅದು ಕೊನೆಗೆ ತಲುಪುವ ಜಾಗವನ್ನೂ ಕಂಡವನು. ನಮ್ಮ ಹೊನ್ನಾವರದಲ್ಲಿ ತುಪ್ಪ ಹಾಕಿದ ಅನ್ನ, ಉಪ್ಪಿನಕಾಯಿ ಉಂಡು ಮೊಸರಿನಿಂದ ಊಟ ಮುಗಿಸಿದ್ದನ್ನು ಬರೆದಿಟ್ಟವನೂ ಇವನೇ. ಅಲ್ಲಿಂದ ಕಲ್ಲಿಕೋಟೆಗೆ ಹೋಗಿ, 1343ರ ಹೊತ್ತಿಗೆ ಮಾಲ್ಡೀವ್ಸ್ ದ್ವೀಪಗಳಿಗೆ ಹಡಗು ಹತ್ತಿದ. ಅಲ್ಲಿ ರಾಣಿ ಖದೀಜಾ ಆಳುತ್ತಿದ್ದಳು. ಇವನನ್ನು ಕಾಜಿಯಾಗಿ ನೇಮಿಸಿದರು. ಸಮುದ್ರದಿಂದ ಹುಳುವನ್ನು ಆರಿಸಿ ತಂದು ದಂಡೆಯ ಗುಂಡಿಗಳಲ್ಲಿ ಹಾಕುತ್ತಾರೆ, ಮಾಂಸ ಕೊಳೆತು ಹೋಗಿ ಬಿಳಿ ಚಿಪ್ಪು ಉಳಿಯುತ್ತದೆ, ಅದನ್ನು ಬಂಗಾಳದವರಿಗೆ ಕೊಟ್ಟು ಅಕ್ಕಿ ತರುತ್ತಾರೆ ಎಂದು ಬರೆದಿದ್ದಾನೆ. ಯೆಮನ್‌ನವರೂ ಕೊಳ್ಳುತ್ತಿದ್ದರಂತೆ, ಹಡಗು ಓಲಾಡದಿರಲೆಂದು ತಳಕ್ಕೆ ಮರಳಿನ ಬದಲು ಕವಡೆಯನ್ನೇ ತುಂಬುತ್ತಿದ್ದರು. ಆ ದ್ವೀಪಗಳಲ್ಲಿ ಒಂದು ಚಿನ್ನದ ದಿನಾರಿಗೆ 4 ಲಕ್ಷ ಕವಡೆ. ಬೆಲೆ ಇಳಿದಾಗ 10 ಲಕ್ಷ, ಅದಕ್ಕೂ ಹೆಚ್ಚು.

ಅದೇ ಮನುಷ್ಯ 1352ರಲ್ಲಿ ಸಹಾರಾ ದಾಟಿ ಮಾಲಿಗೆ ಹೋದ. ಅಲ್ಲಿಯೂ ಗಾವೋದಲ್ಲಿಯೂ ಒಂದು ಚಿನ್ನದ ದಿನಾರಿಗೆ ಸಿಗುತ್ತಿದ್ದ ಕವಡೆ 1150 ಮಾತ್ರ.

4 ಲಕ್ಷ ಎಲ್ಲಿ, 1150 ಎಲ್ಲಿ? ಸುಮಾರು 350 ಪಟ್ಟು ವ್ಯತ್ಯಾಸ. ನಡುವೆ ಇರುವುದು ಬರೀ ದಾರಿ: ಮಾಲ್ಡೀವ್ಸ್‌ನಿಂದ ಯೆಮನ್, ಕೆಂಪು ಸಮುದ್ರ, ಕೈರೋ, ಉತ್ತರ ಆಫ್ರಿಕಾದ ಪೇಟೆಗಳು, ಆಮೇಲೆ ಒಂಟೆಯ ಬೆನ್ನ ಮೇಲೆ ಎರಡು ತಿಂಗಳ ಮರಳುಗಾಡು. ಆ ಕೊನೆಯ ಹಂತ ಎಂಥದು ಅನ್ನುವುದಕ್ಕೆ ಒಂದು ಸಾಕ್ಷಿ ಮರಳಿನಡಿ ಹಾಗೇ ಉಳಿದಿತ್ತು. 1964ರಲ್ಲಿ ಫ್ರೆಂಚ್ ವಿಜ್ಞಾನಿ ತಿಯೊಡೋರ್ ಮೊನೊ ಮಾರಿಟೇನಿಯಾದ ಮರಳುಗಾಡಿನ ನಟ್ಟನಡುವೆ, ಮಾದೆನ್ ಇಜಾಫೆನ್ ಅನ್ನುವಲ್ಲಿ, ಸುಮಾರು 2000 ಹಿತ್ತಾಳೆ ಸರಳುಗಳನ್ನೂ ಜೊತೆಗೆ ಕವಡೆಗಳನ್ನೂ ಕಂಡ. 11–12ನೇ ಶತಮಾನದಲ್ಲಿ ಯಾರೋ ವ್ಯಾಪಾರಿಗಳು ಹೊರೆ ಇಳಿಸಿ ಹೂತಿಟ್ಟು ಹೋಗಿದ್ದರು. ತೆಗೆದುಕೊಂಡು ಹೋಗಲು ಯಾರೂ ತಿರುಗಿ ಬರಲಿಲ್ಲ. ಆ ಚೀಲದೊಳಗಿನ ಒಂದೊಂದು ಕವಡೆಯೂ ನಮ್ಮ ಪಕ್ಕದ ಸಮುದ್ರದಿಂದ ಹೋದದ್ದು ಎಂದು ನೆನೆದಾಗ ಮನಸ್ಸು ಕಲಕುತ್ತದೆ.

ಹಾಗಾದರೆ ಚಿನ್ನದ ನಾಡಿನಲ್ಲಿ ಕವಡೆ ಯಾಕೆ ಬೇಕಿತ್ತು? ಚಿನ್ನದ ಪುಡಿಯಿಂದ ಒಂದು ಮೊಟ್ಟೆ ಕೊಳ್ಳಲಾಗದು, ಅಷ್ಟೇ. ಸಹಾರಾದ ದಕ್ಷಿಣ ಅಂಚಿನ ವಲಾತಾ ಪಟ್ಟಣದಿಂದ ಮಾಲಿಯ ರಾಜಧಾನಿಗೆ ಹೋಗುವ 24 ದಿನದ ದಾರಿಯಲ್ಲಿ ಪ್ರಯಾಣಿಕರು ಹಣವನ್ನೇ ಒಯ್ಯುತ್ತಿರಲಿಲ್ಲವಂತೆ. ಉಪ್ಪಿನ ತುಂಡು, ಗಾಜಿನ ಮಣಿ, ಲವಂಗ ಇದ್ದರೆ ಸಾಕು; ಹಳ್ಳಿ ಬಂದ ಕೂಡಲೇ ಹೆಂಗಸರು ಸಜ್ಜೆ, ಹಾಲು, ಕೋಳಿ, ಅಕ್ಕಿ, ಫೋನಿಯೊ ಅನ್ನುವ ಪುಟ್ಟ ಸಿರಿಧಾನ್ಯ ಎಲ್ಲ ಹೊತ್ತು ತರುತ್ತಿದ್ದರು. (ಸಜ್ಜೆ ಆ ಸೀಮೆಯದೇ ಬೆಳೆ. ನಮ್ಮ ರೊಟ್ಟಿಯ ಸಜ್ಜೆ ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಬಂದದ್ದು.) ದೊಡ್ಡ ಪೇಟೆಗಳಲ್ಲಿ ಆ ಬಿಡಿ ವ್ಯಾಪಾರದ ಕೆಲಸವನ್ನು ಕವಡೆ ಮಾಡಿತು. ಬೇಗ ಸವೆಯದು, ಕೊಳೆಯದು, ನಕಲು ಮಾಡಲು ಬಾರದು, ಎಣಿಸಲು ಸುಲಭ. ಅಂದರೆ ಕವಡೆ ‘ಬೆಲೆಯಿಲ್ಲದ್ದು’ ಅಲ್ಲ, ‘ಚಿಲ್ಲರೆ’. ನನ್ನ ವಾದವೆಲ್ಲ ಈ ವ್ಯತ್ಯಾಸದ ಮೇಲೇ ನಿಂತಿದೆ.

ಈಗ ಕನ್ನಡದ ಕಡೆ ಬರೋಣ.

‘ಕವಡೆ’ ಸಂಸ್ಕೃತದ ‘ಕಪರ್ದ’ದಿಂದ, ಪ್ರಾಕೃತದ ‘ಕವಡ್ಡ’ದ ಮೂಲಕ ಬಂದದ್ದು. ಹಿಂದಿಯ ‘ಕೌಡಿ’ ಇದರದೇ ದಾಯಾದಿ. ಇಂಗ್ಲಿಷಿನ ‘ಕೌರಿ’ ಆ ಕೌಡಿಯಿಂದ ಹುಟ್ಟಿದ್ದು. ಶಿವನಿಗೆ ಕಪರ್ದಿ ಅನ್ನುವುದು ಅವನ ಜಟೆ ಕವಡೆಯ ಹಾಗೆ ಸುತ್ತಿಕೊಂಡಿರುವುದರಿಂದ. ಇಷ್ಟರಲ್ಲಿ ತಕರಾರಿಲ್ಲ. ನನ್ನ ಪ್ರಶ್ನೆ ಇರುವುದು ‘ಕವಡೆ ಕಾಸು’ ಅನ್ನುವ ಜೋಡಣೆಯಲ್ಲಿ. ಇದನ್ನು ಹೇಗೆ ಬಿಡಿಸಬೇಕು? ಕವಡೆಯೇ ಕಾಸು ಎಂದೋ, ಕವಡೆಯಷ್ಟು ಬೆಲೆಯ ಕಾಸು ಎಂದೋ, ಅಥವಾ ಕವಡೆಯೂ ಕಾಸೂ ಎಂದೋ?

ಒಂದು ಸುಳಿವು ನಾಲಿಗೆಯ ಮೇಲೇ ಇದೆ. ಪುಡಿ ಕಾಸು ‘ಪುಡಿಗಾಸು’ ಆಗುತ್ತದೆ, ಬಿಡಿ ಕಾಸು ‘ಬಿಡಿಗಾಸು’ ಆಗುತ್ತದೆ. ಕಕಾರ ಗಕಾರಕ್ಕೆ ತಿರುಗುವ ಆದೇಶ ಸಂಧಿ. ಅದೇ ಲೆಕ್ಕದಲ್ಲಿ ‘ಕವಡೆಗಾಸು’ ಆಗಬೇಕಿತ್ತಲ್ಲವೆ? ನಮ್ಮ ಮನೆಯಲ್ಲಾಗಲಿ ಊರಲ್ಲಾಗಲಿ ಹಾಗೆ ಅಂದವರನ್ನು ನಾನು ಕೇಳಿಲ್ಲ. ಎಲ್ಲರ ಬಾಯಲ್ಲೂ ‘ಕವಡೆ ಕಾಸು’, ಕಕಾರ ಗಟ್ಟಿಯಾಗಿಯೇ. ‘ಕೈಕಾಲು’ ಅನ್ನುತ್ತೇವೆ, ಕೈಗಾಲು ಅನ್ನುವುದಿಲ್ಲ. ‘ಕೆರೆಕಟ್ಟೆ’ಯೂ ಹಾಗೇ. ಎರಡು ಹೆಸರುಗಳು ಸರಿಸಮನಾಗಿ ನಿಂತು ದ್ವಂದ್ವ ಸಮಾಸವಾದಾಗ ಎರಡನೆಯ ಪದ ಮೆತ್ತಗಾಗುವುದಿಲ್ಲ. ಈ ದಾರಿಯಲ್ಲಿ ಹೋದರೆ ‘ಕವಡೆ ಕಾಸು’ ಅನ್ನುವುದು ಕವಡೆ ಮತ್ತು ಕಾಸು, ಚಿಲ್ಲರೆಯ ಎರಡು ಬಗೆಗಳು, ಒಂದು ಚಿಪ್ಪಿನದು, ಇನ್ನೊಂದು ತಾಮ್ರದ್ದು.

ಇದು ನನಗೆ ಹಿಡಿಸಿದ ಬಿಡಿಸುವಿಕೆ. ಇದಕ್ಕೆ ಎದುರು ಬರಬಹುದಾದ ಆಕ್ಷೇಪವನ್ನೂ ಹೇಳುತ್ತೇನೆ. ‘ಮನೆಗೆಲಸ’ ಎಂದೂ ಅನ್ನುತ್ತೇವೆ, ‘ಮನೆಕೆಲಸ’ ಎಂದೂ ಅನ್ನುತ್ತೇವೆ. ಎರಡಕ್ಕೂ ಅರ್ಥ ಒಂದೇ, ಎರಡೂ ತತ್ಪುರುಷವೇ. ‘ತಲೆಗೂದಲು’, ‘ತಲೆಕೂದಲು’ ಕೂಡ ಹಾಗೇ, ಎರಡೂ ಬಳಕೆಯಲ್ಲಿವೆ. ಹೊಸಗನ್ನಡದಲ್ಲಿ ಆದೇಶ ಸಂಧಿ ಸಡಿಲವಾದ ಮೇಲೆ ಕೂಡಿಕೊಂಡ ಜೋಡಿಗಳಲ್ಲಿ ಕಕಾರ ಹಾಗೇ ಉಳಿಯುತ್ತದೆ. ಹಾಗಿದ್ದರೆ ‘ಕವಡೆ ಕಾಸು’ ಬಹಳ ಹಳೆಯ ಜೋಡಣೆ ಅಲ್ಲ ಅನ್ನಬೇಕಾಗುತ್ತದೆ. ನಿಮ್ಮ ಊರಿನ ಹಿರಿಯರ ಮಾತಿನಲ್ಲಿ, ಗಾದೆಯಲ್ಲಿ, ಹಾಡಿನಲ್ಲಿ ‘ಕವಡೆಗಾಸು’ ಅನ್ನುವ ರೂಪ ಇದ್ದರೆ ಅದು ಈ ಚರ್ಚೆಗೆ ದೊಡ್ಡ ಆಧಾರ.

ಎಣಿಕೆಯ ಪದಗಳ ಬಗ್ಗೆಯೂ ಕೇಳುವುದಿದೆ. ಭಾಸ್ಕರಾಚಾರ್ಯರ ಲೀಲಾವತಿಯ ಆರಂಭದ ಕೋಷ್ಟಕದಲ್ಲಿ 20 ವರಾಟಕಕ್ಕೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ. ವರಾಟಕ ಅಂದರೆ ಕವಡೆ. ಹಾಗಾಗಿ 80 ಕವಡೆಗೆ ಒಂದು ಪಣ. ಬಂಗಾಳದಲ್ಲಿಯೂ 4 ಕವಡೆಗೆ ಒಂದು ಗಂಡಾ, 20 ಗಂಡಾಕ್ಕೆ ಒಂದು ಪಣ, ಮತ್ತೆ ಅದೇ 80. ಈ ಪಣವೇ ನಮ್ಮಲ್ಲಿ ಪಕಾರ ಕಳೆದುಕೊಂಡು ‘ಹಣ’ ಆಯಿತು. ಆದರೆ ಕನ್ನಡ ನಾಡಿನ ಹಣ ಚಿನ್ನದ ಪುಟ್ಟ ನಾಣ್ಯ. ಅದರ ಕಾಲುಭಾಗ ಹಾಗ, ಹದಿನಾರನೇ ಒಂದು ವೀಸ. ಕವಡೆಯ ಲೆಕ್ಕ ಹೆಸರಿನಲ್ಲಿ ಮಾತ್ರ ಉಳಿದು, ಜಾಗವನ್ನು ಲೋಹ ಹಿಡಿಯಿತು. ಮಾಲ್ಡೀವ್ಸ್‌ನಲ್ಲಿ ನೂರು ಕವಡೆಗೆ ಸಿಯಾಹ್, 700ಕ್ಕೆ ಫಾಲ್, 12,000ಕ್ಕೆ ಕುತ್ತಾ, ಲಕ್ಷಕ್ಕೆ ಬುಸ್ತೂ ಎಂದು ಇಬ್ನ್ ಬತೂತ ಒಂದೊಂದಾಗಿ ಕೊಡುತ್ತಾನೆ.

ಇನ್ನು ನೈಜರ್ ನದಿಯ ಕಡೆ. 18ನೇ ಶತಮಾನದ ಕೊನೆಗೆ ಅಲ್ಲಿ ಅಲೆದ ಸ್ಕಾಟ್ಲೆಂಡಿನ ಪ್ರವಾಸಿ ಮಂಗೋ ಪಾರ್ಕ್, ಬಂಬರಾ ಜನ ಉಳಿದೆಲ್ಲ ವಸ್ತುಗಳನ್ನು ನೂರರಂತೆ ಎಣಿಸಿದರೂ ಕವಡೆ ಎಣಿಸುವಾಗ ಮಾತ್ರ 80ಕ್ಕೆ ‘ನೂರು’ ಅನ್ನುತ್ತಾರೆ ಎಂದು ಬರೆದಿದ್ದಾನೆ. ಅಲ್ಲೂ 80, ಇಲ್ಲೂ 80! ಮೊದಲ ಸಲ ಓದಿದಾಗ ಪುಸ್ತಕ ಮಡಿಸಿಟ್ಟು ಕೂತುಬಿಟ್ಟೆ. ಆದರೂ ಇದರ ಮೇಲೆ ನಂಟು ಕಟ್ಟುವ ಆತುರ ಬೇಡ ಅನ್ನುವುದು ನನ್ನ ಅಭಿಪ್ರಾಯ. ಇಪ್ಪತ್ತು ಇಪ್ಪತ್ತಾಗಿ ಎಣಿಸುವ ಯಾರಿಗೇ ಆಗಲಿ 80 ಅನ್ನುವುದು ನಿಲ್ಲಲು ಒಳ್ಳೆಯ ಮೆಟ್ಟಿಲು. ಅದೇ ಪಾರ್ಕ್ ಕೊಟ್ಟ ಇನ್ನೊಂದು ಲೆಕ್ಕ ನನ್ನ ಪುಸ್ತಕಕ್ಕೆ ಹೆಚ್ಚು ಉಪಯೋಗ: 100 ಕವಡೆಯಿದ್ದರೆ ಅವನಿಗೆ ಒಂದು ದಿನದ ಊಟವೂ ಕುದುರೆಗೆ ಕಾಳೂ ಆಗುತ್ತಿತ್ತು.

ಪಶ್ಚಿಮ ಆಫ್ರಿಕಾದ ಭಾಷೆಗಳಲ್ಲಿ ಕವಡೆಗೆ ನಮ್ಮಲ್ಲಿನಂಥ ತಾತ್ಸಾರ ಅಂಟಲಿಲ್ಲ. ಹೌಸಾ ಭಾಷೆಯಲ್ಲಿ ಕವಡೆಗಳು ಅನ್ನುವ ಬಹುವಚನವೇ ‘ದುಡ್ಡು’ ಅನ್ನುವ ಪದವಾಗಿ ಇವತ್ತೂ ಬಳಕೆಯಲ್ಲಿದೆ. ಘಾನಾ ದೇಶ 1965ರಲ್ಲಿ ತನ್ನ ಹೊಸ ನಾಣ್ಯಕ್ಕೆ ಇಟ್ಟ ‘ಸೆಡಿ’ ಎಂಬ ಹೆಸರಿಗೆ ಅಕಾನ್ ಭಾಷೆಯಲ್ಲಿ ಕವಡೆ ಎಂದೇ ಅರ್ಥ. ಈ ಚರಿತ್ರೆಯಲ್ಲಿ ನೋವಿನ ಅಧ್ಯಾಯವೂ ಇದೆ. ಯುರೋಪಿನ ಹಡಗುಗಳು ಕವಡೆಯನ್ನು ರಾಶಿಗಟ್ಟಲೆ ಒಯ್ದು ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಮನುಷ್ಯರನ್ನು ಕೊಂಡವು. ಅದನ್ನು ಮಕ್ಕಳ ಪುಸ್ತಕದಲ್ಲಿ ಬೇರೆಯಾಗಿಯೇ ಬರೆಯಬೇಕು.

ನಮ್ಮಲ್ಲಿ ತಾತ್ಸಾರ ಅಂಟಿದ್ದು ಗಾದೆಯ ಮಾತಿಗೆ ಮಾತ್ರ, ವಸ್ತುವಿಗಲ್ಲ. ಸವದತ್ತಿ ಯಲ್ಲಮ್ಮನ ಜೋಗತಿಯರ ಕೊರಳಲ್ಲಿ ಕವಡೆ ಸರವಿದೆ. ಲಂಬಾಣಿ ಹೆಂಗಸರ ಕಸೂತಿಯ ಅಂಚಿನಲ್ಲಿ, ಕಾರಹುಣ್ಣಿಮೆಗೆ ಸಿಂಗರಿಸಿದ ಎತ್ತಿನ ಕೊರಳಲ್ಲಿ ಅದೇ ಕವಡೆ. ನಮ್ಮಜ್ಜಿಯ ಚೌಕಾಬಾರದ ನಾಲ್ಕು ಕವಡೆ ಈಗ ನನ್ನ ಹತ್ತಿರ ಇವೆ. ಹೆಬ್ಬೆರಳ ಉಗುರಿನಷ್ಟು ಗಾತ್ರ. ಬೆನ್ನು ಹಳದಿಗೆ ತಿರುಗಿದೆ, ಹೊಟ್ಟೆಯ ಸೀಳಿನ ಎರಡೂ ಕಡೆ ಹಲ್ಲು ಕಚ್ಚಿದಂಥ ಗೆರೆ. ನಾಲ್ಕೂ ಹೊಟ್ಟೆ ಮೇಲಾಗಿ ಬಿದ್ದರೆ ‘ಚೌಕ’, ಬೋರಲಾದರೆ ‘ಬಾರ’. ಒಂದರ ಬೆನ್ನು ಆಡಿ ಆಡಿ ಸವೆದು ತೂತಾಗಿದೆ. ಅಜ್ಜಿ ಅದನ್ನು ಎಸೆಯಲು ಬಿಡುತ್ತಿರಲಿಲ್ಲ, ‘ಅದು ಲಕ್ಷ್ಮಿ ಕಣೋ’ ಅನ್ನುತ್ತಿದ್ದಳು. ಅದೇ ಅಜ್ಜಿ ಸಿಟ್ಟು ಬಂದಾಗ ‘ಕವಡೆ ಕಾಸಿಗೂ ಬೇಡ ನಿನ್ನ ಮಾತು’ ಅಂತಲೂ ಅನ್ನುತ್ತಿದ್ದಳು.

ಈಗ ನನ್ನ ಮುಂದಿರುವ ದಾರಿಗಳು. ‘ಕವಡೆ ನಾಣ್ಯ’ ಅನ್ನಬಹುದು, ಆದರೆ ನಾಣ್ಯ ಅಂದ ಕೂಡಲೇ ಮಕ್ಕಳು ಠಸ್ಸೆ ಒತ್ತಿದ ಲೋಹದ ಬಿಲ್ಲೆಯನ್ನು ಊಹಿಸಿಕೊಳ್ಳುತ್ತಾರೆ. ‘ಕವಡೆ ಹಣ’ ಓದಲು ಹಗುರ, ಕಿವಿಗೆ ಪಠ್ಯಪುಸ್ತಕದ್ದು. ನನ್ನ ಒಲವು ‘ಕವಡೆ ಕಾಸು’ ಅನ್ನುವುದನ್ನೇ ನೇರ ಅರ್ಥದಲ್ಲಿ ಬಳಸುವ ಕಡೆಗಿದೆ. ಆ ಸಂತೆಯಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದದ್ದು ನಿಜವಾಗಿ ಅದೇ. ಮೊದಲ ಸಲ ಬರುವಲ್ಲಿ ಬೆಲೆಯನ್ನು ಜೊತೆಗೇ ಹೇಳಿಬಿಟ್ಟರೆ ಗಾದೆಯ ನೆರಳು ಸರಿಯಬಹುದು. ಸಾಲನ್ನು ಹೀಗೆ ತಿದ್ದಿದ್ದೇನೆ: ‘ಗಾವೋ ಸಂತೆಯಲ್ಲಿ ಅಕ್ಕಿ, ಮೀನು, ಕೋಳಿ ಎಲ್ಲವೂ ಕವಡೆ ಕಾಸಿಗೆ, 1150 ಕವಡೆ ಕೂಡಿದರೆ ಒಂದು ಚಿನ್ನದ ದಿನಾರು.’ ಇದನ್ನು ಓದಿದಾಗ ನಿಮಗೆ ‘ಅಗ್ಗ’ ಅನ್ನಿಸುತ್ತದೆಯೋ, ‘ದುಡ್ಡು’ ಅನ್ನಿಸುತ್ತದೆಯೋ? ಮನೆಯ ಮಕ್ಕಳಿಗೂ ಓದಿ ಹೇಳಿ, ಅವರು ಅಂದದ್ದನ್ನು ಹಾಗೇ ಬರೆಯಿರಿ.

ಸಹಾರಾ ಮರಳುಗಾಡಿನ ಟಗಾಜಾದ ಗಣಿಯಿಂದ ಒಂಟೆಗೆ ಎರಡರಂತೆ ಹೇರುತ್ತಿದ್ದ ಉಪ್ಪಿನ ದೊಡ್ಡ ತುಂಡಿಗೆ ‘ಉಪ್ಪಿನ ಚಪ್ಪಡಿ’ ಎಂದು ಇಟ್ಟುಕೊಂಡಿದ್ದೇನೆ. ಕಲ್ಲಿನ ಚಪ್ಪಡಿ ಎಲ್ಲರಿಗೂ ಗೊತ್ತಿರುವುದರಿಂದ ಅದರಲ್ಲಿ ತೊಂದರೆ ಕಾಣಲಿಲ್ಲ. ಉತ್ತರ ಕರ್ನಾಟಕದವರು, ಕರಾವಳಿಯವರು ಕವಡೆಯನ್ನು ನಾಲ್ಕರಂತೆ, ಐದರಂತೆ, ಇಪ್ಪತ್ತರಂತೆ ಎಣಿಸುವಾಗ ಆಟದಲ್ಲೋ ಸರ ಪೋಣಿಸುವಲ್ಲೋ ಬಳಸುವ ಪದ ಯಾವುದೇ ಇರಲಿ, ಊರಿನ ಹೆಸರಿನೊಂದಿಗೆ ತಿಳಿಸಿ.