ಎಸ್ಟೀಮ್ ಎಂಜಿನ್: ಲಿಮಿಟರ್ 7000ಕ್ಕೋ 8000ಕ್ಕೋ?

ಕತ್ರಿಗುಪ್ಪೆ ಎಸ್ಟೀಮ್:
ಎಲ್ಲರಿಗೂ ನಮಸ್ಕಾರ. ನನ್ನದು 2004ರ ಮಾರುತಿ ಎಸ್ಟೀಮ್, 16 ವಾಲ್ವಿನ 1298 ಸಿಸಿ ಎಂಜಿನ್. ಅಪ್ಪ ಹದಿನಾರು ವರ್ಷ ಓಡಿಸಿ ನನಗೆ ಬಿಟ್ಟುಕೊಟ್ಟ ಕಾರು. ಟ್ರ್ಯಾಕಿನಲ್ಲಿ ಓಡಿಸಲೆಂದು ಬೋರ್ ಮಾಡಿಸಿ 0.5 ಓವರ್‌ಸೈಜ್ ಪಿಸ್ಟನ್, ವಾಲ್ವುಗಳನ್ನು ತೆರೆಯುವ ಕ್ಯಾಮ್ ಬೇರೆಯದು, ಎಂಜಿನ್ ನಡೆಸುವ ಕಂಪ್ಯೂಟರ್ ಅಂದರೆ ಇಸಿಯು ಹೊಸದು ಹಾಕಿಸಿದ್ದೇನೆ. ಹೆಡ್‌ನ ಪೋರ್ಟುಗಳನ್ನೂ ಉಜ್ಜಿಸಿದ್ದಾಗಿದೆ. ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ರಾಡ್ ಬೋಲ್ಟ್, ವಾಲ್ವ್ ಸ್ಪ್ರಿಂಗ್ ಮಾತ್ರ ಕಾರಿನ ಜೊತೆ ಬಂದವೇ. ಇಸಿಯು ಕೂರಿಸಿದವರು, ಎಂಜಿನ್ ಅತಿಯಾಗಿ ತಿರುಗದಂತೆ ತಡೆಯುವ ಲಿಮಿಟರನ್ನು 8000 ಆರ್‌ಪಿಎಂಗೆ (ನಿಮಿಷಕ್ಕೆ ಅಷ್ಟು ಸುತ್ತು) ಇಡೋಣ ಎನ್ನುತ್ತಾರೆ. ಬೋರ್ ಮಾಡಿದವರು, 7000 ದಾಟಿಸಿದರೆ ನನ್ನ ಅಂಗಡಿಯ ಕಡೆ ತಲೆ ಹಾಕಬೇಡಿ ಎಂದಿದ್ದಾರೆ. ಯಾರ ಮಾತು ಕೇಳಲಿ?

ಪೀಣ್ಯ ಲೇತ್:
ಬೋರ್ ಮಾಡಿದವರಿಗೆ ನನ್ನ ಲೆಕ್ಕದಲ್ಲಿ ಒಂದು ಕಾಫಿ ಕೊಡಿಸಿ. ಮೂವತ್ತೊಂದು ವರ್ಷ ಲೇತ್ ಮುಂದೆ ನಿಂತವನು ನಾನು. ಎಂಜಿನ್ ಎಷ್ಟು ತಿರುಗಿದರೆ ತಾಳುತ್ತದೆ ಎಂದು ಕೇಳುವವರೆಲ್ಲ ಬ್ಲಾಕನ್ನು ತಟ್ಟಿ ತಟ್ಟಿ ಕೇಳುತ್ತಾರೆ. ಬ್ಲಾಕಿಗೇನೂ ಆಗುವುದಿಲ್ಲ. ಕೈಕೊಡುವುದು ಪಿಸ್ಟನ್ನಿನ ರಾಡನ್ನು ಕ್ರ್ಯಾಂಕಿಗೆ ಬಿಗಿಯುವ, ಕಿರುಬೆರಳಿಗಿಂತ ತೆಳ್ಳಗಿರುವ ರಾಡ್ ಬೋಲ್ಟು.

ನಿಮ್ಮ ಎಂಜಿನ್ನಿನ ಸ್ಟ್ರೋಕ್, ಅಂದರೆ ಪಿಸ್ಟನ್ ಒಂದು ತುದಿಯಿಂದ ಇನ್ನೊಂದಕ್ಕೆ ಓಡುವ ದೂರ, 75.5 ಮಿ.ಮೀ. ಪಿಸ್ಟನ್ನಿನ ಸರಾಸರಿ ವೇಗ 7000ದಲ್ಲಿ ಸೆಕೆಂಡಿಗೆ 17.6 ಮೀಟರ್, 8000ದಲ್ಲಿ 20.1. ಹೆದರುವಂಥದ್ದಲ್ಲ. ಹೋಂಡಾದ ಎಸ್2000 ಸ್ಪೋರ್ಟ್ಸ್ ಕಾರಿನ ಮೊದಲ ಎಂಜಿನ್ 84 ಮಿ.ಮೀ. ಸ್ಟ್ರೋಕ್ ಇಟ್ಟುಕೊಂಡು 9000 ತಿರುಗುತ್ತಿತ್ತು, ಅಂದರೆ 25 ಮೀಟರ್ ದಾಟಿತ್ತು. ನಿಮ್ಮ ಇಸಿಯುದವರು ಈ ಉದಾಹರಣೆಯನ್ನೇ ಕೊಟ್ಟಿರುತ್ತಾರೆ, ಬೇಕಾದರೆ ಪಂಥ. ಆದರೆ ಹೋಂಡಾದವರು ರಾಡು, ಬೋಲ್ಟು, ಸ್ಪ್ರಿಂಗು ಎಲ್ಲವನ್ನೂ 9000ಕ್ಕೆಂದೇ ಮಾಡಿದ್ದರು. ನಿಮ್ಮವನ್ನು ಮಾಡಿದ್ದು ಮನೆಮಂದಿಯನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿಬರಲು.

ವೇಗಕ್ಕಿಂತ ಎಳೆತವನ್ನು ನೋಡಿ. ಮೇಲಕ್ಕೆ ನುಗ್ಗಿದ ಪಿಸ್ಟನ್ನನ್ನು ತಡೆದು ಕೆಳಗೆ ಸೆಳೆಯಬೇಕಾದದ್ದು ರಾಡು. ಪಿಸ್ಟನ್, ರಿಂಗು, ಪಿನ್ ಸೇರಿ 300 ಗ್ರಾಂ ಎಂದುಕೊಂಡರೂ 7500ರಲ್ಲಿ ಆ ಎಳೆತ ಸುಮಾರು 900 ಕೆ.ಜಿ. ಭಾರ ತೂಗುಬಿಟ್ಟಷ್ಟು. ಎಗ್ಸಾಸ್ಟ್ ಸ್ಟ್ರೋಕಿನ ತುದಿಯಲ್ಲಿ ಮೇಲಿನಿಂದ ಒತ್ತಿ ಹಿಡಿಯುವ ಉರಿಯೂ ಇರುವುದಿಲ್ಲ, ಪೂರಾ ಬೋಲ್ಟಿನ ಪಾಲಿಗೇ. ಇನ್ನು ಇದು ಆರ್‌ಪಿಎಂನ ವರ್ಗದಂತೆ ಏರುತ್ತದೆ: 7000ದಿಂದ 8000ಕ್ಕೆ ಹೋದರೆ ತಿರುಗುವುದು ಶೇ 14 ಹೆಚ್ಚು, ಎಳೆಯುವುದು ಶೇ 31 ಹೆಚ್ಚು.

ಒಮ್ಮೆ ನಾನೇ ಜಿಪುಣತನ ಮಾಡಿ ಹಳೆಯ ಬೋಲ್ಟುಗಳನ್ನು ಮತ್ತೆ ಬಿಗಿದು ಕಳಿಸಿದ್ದೆ. ಬ್ಲಾಕಿನ ಪಕ್ಕದಲ್ಲಿ ತೆಂಗಿನ ಚಿಪ್ಪಿನಷ್ಟು ತೂತು ಬಿತ್ತು. ಮುರಿದ ರಾಡು ಈಗಲೂ ನನ್ನ ಮೇಜಿನ ಮೇಲೆ ಬಿಲ್ಲುಗಳು ಹಾರದಂತೆ ಕುಳಿತಿದೆ. ಬೋಲ್ಟಿನ ಕುತ್ತಿಗೆ ಪಾಕ ಎಳೆದಂತೆ ಸಣ್ಣಗಾಗಿ ತುಂಡಾಗಿದೆ.

ಇಪ್ಪತ್ತು ವರ್ಷದ ಕಾರಿಗೆ ಫೋರ್ಜ್ಡ್ ರಾಡು ಹಾಕಿಸಿ ಎನ್ನುವುದಿಲ್ಲ, ಮೂಗಿಗಿಂತ ಮೂಗುತಿ ಭಾರವಾದೀತು. ಒಳ್ಳೆಯ ಬೋಲ್ಟು ಹಾಕಿಸಿ. ಹೊಸ ಬೋಲ್ಟು ಬಿಗಿದಾಗ ಕ್ರ್ಯಾಂಕ್ ಹಿಡಿಯುವ ರಾಡಿನ ದೊಡ್ಡ ಕಣ್ಣು ಸ್ವಲ್ಪ ಅಂಡಾಕಾರವಾಗುತ್ತದೆ, ಅದನ್ನು ಹೋನ್ ಮಾಡಿಸದೆ, ಅಂದರೆ ಒಳಗೆ ಉಜ್ಜಿಸಿ ಮತ್ತೆ ದುಂಡಗಾಗಿಸದೆ, ಬೇರಿಂಗ್ ಕೂರಿಸಬೇಡಿ. ಅಲ್ಲಿಯವರೆಗೆ 6500.

ಹೆಡ್ ಕೆಲಸ:
ಬೋಲ್ಟಿನ ಸರದಿ ಬರುವ ಮೊದಲೇ ಸ್ಪ್ರಿಂಗ್ ಸೋಲಬಹುದು. ಹಳೆಯ ಸ್ಪ್ರಿಂಗಿಗೆ ಹೊಸ ಕ್ಯಾಮ್ ಹಾಕಿದ್ದೀರಿ. ಒಂದು ಹಂತದ ಮೇಲೆ ವಾಲ್ವು ಕ್ಯಾಮನ್ನು ಹಿಂಬಾಲಿಸಲಾರದೆ ತೇಲುತ್ತದೆ, ತೇಲಿದ ವಾಲ್ವು ಪಿಸ್ಟನ್ನಿಗೆ ತಾಗಿದರೆ ಕಥೆ ಮುಗಿಯಿತು. ಅಂದ ಹಾಗೆ, ಶಕ್ತಿ ಅಳೆಯುವ ಡೈನೊ ಮೇಲೆ ಓಡಿಸಿದ್ದೀರಾ? ಶಕ್ತಿ ಎಲ್ಲಿ ಬೀಳುತ್ತದೆ ಎಂದು ನೋಡದೆ ಲಿಮಿಟರ್ ಬಗ್ಗೆ ವಾದ ಮಾಡುತ್ತಿದ್ದೀರಲ್ಲ.

ಹಳೇ ಗೇರು:
ಲಿಮಿಟರ್ ಇದೆಯಲ್ಲ ಎಂಬ ಧೈರ್ಯವೂ ಬೇಡ. ಅದು ಇಂಧನವನ್ನೋ ಕಿಡಿಯನ್ನೋ ಕತ್ತರಿಸಬಲ್ಲದು, ಅಷ್ಟೇ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನನ್ನ ಕಣ್ಣೆದುರೇ ಆದದ್ದು: ಮೂರನೇ ಗೇರಿನಿಂದ ನಾಲ್ಕಕ್ಕೆ ಹೋಗಬೇಕಾದ ಕೈ ಎರಡಕ್ಕೆ ಬಿತ್ತು. ಆಗ ಎಂಜಿನ್ ತಿರುಗಿಸುವುದು ಚಕ್ರಗಳು, ಇಸಿಯು ಸುಮ್ಮನೆ ನೋಡುತ್ತಿರುತ್ತದೆ. 7000ದಲ್ಲಿದ್ದದ್ದು ಹತ್ತು ಸಾವಿರದ ಹತ್ತಿರ ಹೋಯಿತು. ಜೆ.ಸಿ. ರಸ್ತೆಯಲ್ಲಿ ಗೇರ್ ಲಿವರಿನ ಬುಷ್, ಎಂಜಿನ್ ಮೌಂಟ್ ಸಿಗುತ್ತವೆ, ಮೊದಲು ಅವನ್ನು ಹಾಕಿಸಿ.

ಕತ್ರಿಗುಪ್ಪೆ ಎಸ್ಟೀಮ್:
ಡೈನೊ ಕಾಗದ ಗ್ಲವ್ ಬಾಕ್ಸಿನಲ್ಲೇ ಮಡಚಿಕೊಂಡು ಬಿದ್ದಿತ್ತು, ಒಟ್ಟು ಶಕ್ತಿ ಎಷ್ಟು ಎಂದಷ್ಟೇ ನೋಡಿ ಇಟ್ಟಿದ್ದೆ. ಈಗ ಬಿಡಿಸಿ ನೋಡಿದರೆ 6400ಕ್ಕೆ ತುದಿ ಮುಟ್ಟಿ ಅಲ್ಲಿಂದ ಇಳಿಜಾರು. 8000 ಸುಮ್ಮನೆ ಸದ್ದಿಗಾಗಿತ್ತು. ಬೋಲ್ಟು, ಸ್ಪ್ರಿಂಗ್ ಎರಡನ್ನೂ ಬದಲಿಸಿ 7000ಕ್ಕೆ ಇಡಿಸುತ್ತೇನೆ. ಪೀಣ್ಯದ ಸರ್, ಎಂಜಿನ್ ಬಿಚ್ಚಿಸಿ ರಾಡುಗಳನ್ನು ನಿಮ್ಮಲ್ಲಿಗೇ ತರಬಹುದೇ?

ಪೀಣ್ಯ ಲೇತ್:
ಶನಿವಾರ ಮಧ್ಯಾಹ್ನದೊಳಗೆ ತನ್ನಿ. ಬಿಚ್ಚುವಾಗಲೇ ರಾಡಿಗೂ ಅದರ ಕ್ಯಾಪಿಗೂ ನಂಬರ್ ಹಾಕಿಸಿ. ನಾಲ್ಕನ್ನೂ ಕಲೆಸಿ ಒಂದೇ ಚೀಲದಲ್ಲಿ ತಂದರೆ ಬಾಗಿಲಿನಿಂದಲೇ ವಾಪಸ್.